ಮಾತಾಡದ ಬೀಕನ್

ನಮ್ಮ ಕಣಿವೆಯಲ್ಲಿ ಕಳ್ಳತನ ಮಾಡಿದವನನ್ನು ಕ್ಷಮಿಸುತ್ತಾರೆ. ಹೆಂಡತಿಯನ್ನು ಬಿಟ್ಟು ಓಡಿಹೋದವನನ್ನೂ ಐದಾರು ವರ್ಷ ಕಳೆದ ಮೇಲೆ ಕ್ಷಮಿಸುತ್ತಾರೆ. ಸಹಾಯ ಕೇಳಿದವನನ್ನು ಮಾತ್ರ ಕ್ಷಮಿಸುವುದಿಲ್ಲ. ನನ್ನ ಅಪ್ಪ ಜಿಂಕೆ ಹೊಡೆಯುವ ಕೆಲಸದಲ್ಲಿದ್ದಾಗ ಕೊಡಲಿ ಜಾರಿ ತನ್ನದೇ ಕಾಲಿನ ಎರಡು ಬೆರಳು ಕಡಿದುಕೊಂಡು, ಹಿಟ್ಟಿನ ಚೀಲ ಹರಿದು ಸುತ್ತಿ, ಎರಡು ದಿನ ನಡೆದು ಊರು ಸೇರಿದ. ಊರಿನವರು ಇವತ್ತಿಗೂ ಹೊಗಳುವುದು ಆ ನಡಿಗೆಯನ್ನಲ್ಲ. ದಾರಿಯಲ್ಲಿ ಕುದುರೆ ಮೇಲೆ ಒಬ್ಬ ಎದುರಾದನಂತೆ, ಅಪ್ಪ ಅವನ ಜೊತೆ ಹತ್ತು ನಿಮಿಷ ಮೋಡ ಗಾಳಿಯ ಮಾತಾಡಿ, ಕಾಲಿನ ಸುದ್ದಿಯನ್ನೇ ಎತ್ತದೆ ಸಾಗಹಾಕಿದನಂತೆ. ಹೊಗಳುವುದು ಅದನ್ನು. ಇಂಥವನ ಮಗಳು ನಾನು, ಏವಿಸ್ ಪೆಲ್ಲೋ. ವಯಸ್ಸು ಅರವತ್ತೇಳು. ಇದುವರೆಗೆ ಪಕ್ಕದ ಮನೆಯಲ್ಲಿ ಒಂದು ಬಟ್ಟಲು ಹಾಲು ಕೇಳಿದವಳಲ್ಲ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಭೂಮಿಯ ಈ ದಕ್ಷಿಣ ತುದಿಯಲ್ಲಿ ಚಳಿ ಗಟ್ಟಿಯಾಗುವ ಮುಂಚೆ, ನಾನು ಒಬ್ಬಳೇ ಟೊಯಿ ನದಿಯ ಗುಂಟ ಮೇಲೆ ಗುಡ್ಡ ಸುತ್ತುವವರು ತಂಗುವ ಗುಡಿಸಲಿನವರೆಗೆ ನಡೆದು ಬರುತ್ತೇನೆ. ಹೋಗಿ ಬರಲು ನಾಲ್ಕು ದಿನ. ಮೂವತ್ತೊಂದು ವರ್ಷ ಯಾರೂ ಏನೂ ಅಂದಿರಲಿಲ್ಲ. ಹೋದ ವರ್ಷ ನಮ್ಮ ಗುಡ್ಡ ಸುತ್ತುವವರ ಸಂಘದ ಮುದುಕ ಕ್ಲೆಮ್ ಎರಡು ದಿನ ಕಾಣೆಯಾದ. ಇಪ್ಪತ್ತನಾಲ್ಕು ಜನ ಮಂಜಿನಲ್ಲಿ ಹುಡುಕಿದರು. ಮೂರನೆಯ ದಿನ ಅವನೇ ಕುಂಟುತ್ತ ಬಂದು, "ನಿಮ್ಮನ್ನ ಯಾರಪ್ಪಾ ಕರೆದಿದ್ದು? ಮನೇಲಿ ಕೆಲಸ ಇಲ್ವಾ?" ಎಂದು ಹುಡುಕಲು ಹೋದವರನ್ನೇ ಬೈದ. ಅದಾದ ಮೇಲೆ ಸಂಘದ ಕಾರ್ಯದರ್ಶಿ ನೋಲೀನ್ ಹಾರ್ಟಿಗನ್ ಹೊಸ ನಿಯಮ ತಂದಳು: ಒಂಟಿಯಾಗಿ ಹೋಗುವವರು ಅಪಾಯದ ಬೀಕನ್ ಒಯ್ಯಲೇಬೇಕು, ದಾರಿಯ ವಿವರ ಬರೆದು ಅವಳ ಕೈಗೆ ಕೊಡಲೇಬೇಕು. ಕ್ಲೆಮ್ ಆಗಲೇ ಗುಡ್ಡದ ಸಹವಾಸ ಬಿಟ್ಟು ಇಸ್ಪೀಟು ಹಿಡಿದಿದ್ದ. ಹಾಗಾಗಿ ನಿಯಮ ಮಾಡಿದ್ದು ಯಾರಿಗಾಗಿ ಎಂದು ಬೇರೆ ಹೇಳಬೇಕಾಗಿಲ್ಲ.

ನೋಲೀನ್ ನನ್ನ ಜೊತೆ ಶಾಲೆಗೆ ಬಂದವಳು. ಕೆಟ್ಟವಳೇನಲ್ಲ. ಆದರೆ ಬೆಳಿಗ್ಗೆ ಅವಳ ಕಿವಿಗೆ ಬಿದ್ದದ್ದು ಬೇಕರಿಯವನು ಬಾಗಿಲು ತೆರೆಯುವುದರೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಯಾವ ಬೀಕನ್ ಒಳ್ಳೆಯದು ಎಂದು ತೀರ್ಮಾನಿಸಲು ಸಂಘದ ಸಭೆ ಸೇರಿತು. ಬೀಕನ್‌ಗಳಲ್ಲಿ ಎರಡು ಜಾತಿ. ಒಂದು ಮೂಕ ಜಾತಿ. ಅದಕ್ಕಿರುವುದು ಒಂದೇ ಗುಂಡಿ. ಒತ್ತಿದರೆ ಆಕಾಶದ ಉಪಗ್ರಹಕ್ಕೆ 'ಕಾಪಾಡಿ, ಇಲ್ಲಿದ್ದೇನೆ' ಎಂದು ಕೂಗುತ್ತದೆ, ಅಷ್ಟೇ. ಇನ್ನೊಂದು ಮಾತಾಡುವ ಜಾತಿ. ಅದರಲ್ಲಿ ಮನೆಗೆ ಸಂದೇಶ ಕಳಿಸಬಹುದು, ಮನೆಯಿಂದ ಬಂದದ್ದನ್ನು ಓದಬಹುದು, ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಸಭೆ ತಕ್ಷಣ ಎರಡು ಪಕ್ಷವಾಯಿತು. ಬ್ಯಾಂಕಿನಿಂದ ನಿವೃತ್ತನಾದ ಒಬ್ಬ, ಬೆಲ್ಟಿನ ಮೇಲೆ ಕುಂಬಳಕಾಯಿಯಂಥ ಹೊಟ್ಟೆ ಹೊತ್ತವನು, ಮೂಕ ಬೀಕನ್ ನಲವತ್ತು ಗ್ರಾಂ ಹಗುರ, ಗುಡ್ಡದಲ್ಲಿ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ ಎಂದು ಭಾಷಣ ಮಾಡಿ, ಮೂರನೆಯ ಲ್ಯಾಮಿಂಗ್ಟನ್ ಕೇಕು ಬಾಯಿಗೆ ಹಾಕಿಕೊಂಡ. ಸೇತುವೆ ಕಟ್ಟಿದ ಮೇಲೆ ಒಂದು ಹಳ್ಳವನ್ನೂ ನೀರಿಗಿಳಿದು ದಾಟದ ಇನ್ನೊಬ್ಬ, ನೀರಿನಡಿ ಹದಿನೈದು ಮೀಟರ್ ಹೋದರೂ ಕೆಲಸ ಮಾಡುವಂಥದೇ ಬೇಕು ಎಂದು ಹಟ ಹಿಡಿದ. ಬ್ಯಾಟರಿ, ತೂಕ, ಬಣ್ಣ ಅಂತ ಎರಡು ಗಂಟೆ ತಲೆ ತಿಂದರು.

ಹೊಸದಾಗಿ ಬಂದ ಶಾಲೆಯ ಟೀಚರ್ ಒಬ್ಬಳು ಕೈಯೆತ್ತಿ, "ಅಲ್ಲ, ಇದನ್ನ ಯಾವಾಗ ಒತ್ಬೇಕು?" ಎಂದಳು.

ಬಚ್ಚಲಿಗೆ ಬಾಗಿಲು ತಟ್ಟದೆ ನುಗ್ಗಿದವಳನ್ನು ನೋಡುವ ಹಾಗೆ ಎಲ್ಲರೂ ಅವಳನ್ನು ನೋಡಿದರು.

"ಒತ್ತೋ ಪ್ರಸಂಗ ಬರೋ ಹಾಗೆ ನಮ್ಮವರು ನಡ್ಕೊಳ್ಳಲ್ಲಮ್ಮ," ಎಂದಳು ನೋಲೀನ್. ಅದನ್ನೇ ಸಭೆಯ ತೀರ್ಮಾನವೆಂದು ಬರೆದುಕೊಂಡರು. ನಾನು ಅಷ್ಟರಲ್ಲಿ ಎದ್ದು ಸಭಾಭವನದ ಅಡುಗೆಮನೆಯ ದೀಪ, ಹಿಂದಿನ ಸಾಲಿನ ದೀಪ ಎರಡನ್ನೂ ಆರಿಸಿದೆ.

"ಏವಿಸ್! ಜನ ಕೂತಿದಾರೆ ಕಣೇ!" ಎಂದಳು ನೋಲೀನ್.

"ಬಾಯಿ ಕಾಣದಿದ್ರೂ ಮಾತು ಕೇಳಿಸುತ್ತೆ," ಎಂದೆ.

ಇದು ನನ್ನ ಹಳೆಯ ಚಾಳಿ. ನಾನು ಬೆಳೆದ ಮನೆಗೆ ಕರೆಂಟು ಬರುತ್ತಿದ್ದದ್ದು ಹಳ್ಳದ ನೀರಿನ ಚಕ್ರದಿಂದ, ಒಟ್ಟು ಐದು ದೀಪಕ್ಕಾಗುವಷ್ಟು. ಬೇಡದ ದೀಪ ಉರಿಸುವುದು ಇನ್ನೊಬ್ಬರ ತಟ್ಟೆಯಿಂದ ತಿಂದ ಹಾಗೆ ಎಂದು ಅಪ್ಪ ಕಿವಿ ಹಿಂಡಿ ಹೇಳಿಕೊಟ್ಟಿದ್ದ. ಯಾರ ಮನೆಗೆ ಹೋದರೂ ನನ್ನ ಕೈ ಸ್ವಿಚ್ಚಿನ ಮೇಲೇ ಹೋಗುತ್ತದೆ.

ಮನೆಯಲ್ಲಿ ನನ್ನ ಗಂಡ ಐವರ್ ಮಾತಾಡುವ ಬೀಕನ್ನಿನ ಪಕ್ಷ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಡೇಲಿಯಾ ಹೂ ಬೆಳೆಸುತ್ತಾನೆ, ಗೇಟು ದಾಟಿ ಗುಡ್ಡದ ಕಡೆ ಒಂದು ಹೆಜ್ಜೆ ಇಟ್ಟವನಲ್ಲ. ಇಡೀ ಜಿಲ್ಲೆಯ ಕಾಗದ ಪತ್ರ ಹಂಚಿದವನಿಗೆ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಗೊತ್ತಾಗಿಲ್ಲ. ಡಬ್ಬಿ ಒಂದು ದಿನವೂ ಜಾಗ ಬದಲಿಸಿಲ್ಲ.

"ಮಾತಾಡೋದನ್ನೇ ತಗೋ ಕಣೇ," ಎಂದ. "ಸಂಜೆ ಒಂದು ಮಾತು, ಚೆನ್ನಾಗಿದೀನಿ ಅಂತ. ನನಗೂ ಕಣ್ಣಿಗೆ ನಿದ್ದೆ ಹತ್ತುತ್ತೆ."

"ಒಂದು ಮಾತಿಗೆ ನಿಲ್ಲುತ್ತಾ ಮಾರಾಯ? ಮೊದಲನೇ ದಿನ ಚೆನ್ನಾಗಿದೀಯಾ ಅಂತೀಯ. ಎರಡನೇ ದಿನ ಸಕ್ಕರೆ ಡಬ್ಬಿ ಎಲ್ಲಿ ಅಂತೀಯ. ಮೂರನೇ ದಿನ ಕಾಲುಚೀಲ."

"ಕೇಳಿದ್ರೆ ಏನು ಗಂಟು ಹೋಗುತ್ತೆ ನಿಂದು? ಹೇಳಿದ್ರಾಯ್ತು."

"ವರ್ಷಕ್ಕೆ ನಾಲ್ಕೇ ನಾಲ್ಕು ದಿನ ಯಾರೂ ನನ್ನ ಏನೂ ಕೇಳಬಾರ್ದು. ಅದಕ್ಕೇ ಗುಡ್ಡಕ್ಕೆ ಹೋಗೋದು ನಾನು."

ಅವನ ಮುಖ ಸಣ್ಣಗಾಯಿತು. ಪೇಪರು ಎತ್ತಿ ಅಡ್ಡ ಹಿಡಿದುಕೊಂಡ. ನನಗೂ ಒಳಗೆ ಚುರುಕ್ ಎಂದಿತು, ಆದರೆ ಆಡಿದ್ದು ಆಡಿಯಾಗಿತ್ತು. ಕೋಣೆಯಿಂದ ಹೊರಗೆ ಬರುವಾಗ ದೀಪ ಆರಿಸಿದೆ.

"ಏವಿಸ್, ನಾನಿನ್ನೂ ಇಲ್ಲೇ ಇದೀನಿ," ಎಂದ ಕತ್ತಲೆಯೊಳಗಿಂದ.

ಮರುದಿನ ಹೋಕಿಟಿಕಾ ಪಟ್ಟಣಕ್ಕೆ ಹೋಗಿ ರೇವಿಯ ಅಂಗಡಿಯಲ್ಲಿ ಮೂಕ ಬೀಕನ್ ಕೊಂಡೆ. ಸೋಪಿನ ಬಿಲ್ಲೆಯಷ್ಟು ದೊಡ್ಡದು, ಹಳದಿ ಬಣ್ಣ. ರೇವಿ ಅದನ್ನು ಅಂಗೈಯಲ್ಲಿಟ್ಟು ತೋರಿಸಿದ. "ನೋಡಿ ಆಂಟಿ, ಈ ಆಂಟೆನಾ ಪಟ್ಟಿ ಬಿಚ್ಚಿ ಮೇಲಕ್ಕೆ ನಿಲ್ಲಿಸಿ, ಗುಂಡಿ ಒತ್ತಿ, ಆಕಾಶ ಕಾಣೋ ಕಡೆ ಇಟ್ಟು ಸುಮ್ನೆ ಕೂತ್ಕೊಳ್ಳಿ. ಜನ ಬರೋವರೆಗೂ ಆಫ್ ಮಾಡ್ಬೇಡಿ."

"ಎಷ್ಟು ಹೊತ್ತು ಕೂಗುತ್ತೆ?"

"ಒಂದಿಡೀ ದಿನ, ಅದಕ್ಕಿಂತ ಜಾಸ್ತೀನೇ."

"ಇಡೀ ದಿನಾನಾ? ಯಾಕಪ್ಪಾ, ಅವರಿಗೆ ಕಿವಿ ಮಂದಾನಾ?"

ರೇವಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಬೀಕನ್ ಕೊಂಡ ಮೇಲೆ ಅದನ್ನು ರಕ್ಷಣಾ ಕಚೇರಿಯಲ್ಲಿ ನೋಂದಾಯಿಸಬೇಕು. ಅರ್ಜಿಯಲ್ಲಿ ಇಬ್ಬರ ಹೆಸರು ಕೊಡಬೇಕು. ಗುಂಡಿ ಒತ್ತಿದ ಕೂಡಲೇ ಕಚೇರಿಯವರು ಫೋನ್ ಮಾಡಿ ವಿಚಾರಿಸುವುದು ಆ ಇಬ್ಬರನ್ನು. ಮೊದಲನೆಯದು ಐವರ್, ಸರಿ. ಎರಡನೆಯವರು ನನ್ನ ದಾರಿಯ ವಿವರ ಗೊತ್ತಿದ್ದವರಾಗಬೇಕು. ಅಂದರೆ ನೋಲೀನ್! ಪೆನ್ನು ಹಿಡಿದು ಅರ್ಧ ಗಂಟೆ ಕೂತೆ. ಕಾಲು ಮುರಿದರೆ ಆರು ವಾರದಲ್ಲಿ ಕೂಡಿಕೊಳ್ಳುತ್ತದೆ. ಏವಿಸ್ ಪೆಲ್ಲೋ ಸಹಾಯಕ್ಕೆ ಕೂಗಿದಳು ಎಂದು ನೋಲೀನ್ ಹೇಳುತ್ತ ತಿರುಗುವುದು ನಾನು ಮಣ್ಣು ಸೇರಿದ ಮೇಲೂ ನಿಲ್ಲುವುದಿಲ್ಲ. ಬೇರೆ ದಾರಿಯಿಲ್ಲದೆ ಹಲ್ಲು ಕಚ್ಚಿ ಅವಳ ಹೆಸರು ಬರೆದೆ. ಕೊನೆಯಲ್ಲಿ 'ಇತರ ವಿಷಯ' ಎಂದು ಒಂದು ಚೌಕವಿತ್ತು. ಜನ ಅಲ್ಲಿ ತಮ್ಮ ಉಬ್ಬಸ, ಮಂಡಿನೋವು ಎಲ್ಲ ಬರೆಯುತ್ತಾರಂತೆ. ನಾನು 'ಏನೂ ಇಲ್ಲ' ಎಂದು ಬರೆದೆ.

ಏಪ್ರಿಲ್‌ನಲ್ಲಿ ಹೊರಟೆ. ಮೇಲಿನ ಗುಡಿಸಲಿನಲ್ಲಿ ಬಂದುಹೋಗುವವರ ಪುಸ್ತಕದಲ್ಲಿ ಹೆಸರು ಬರೆಯುವಾಗ ನೋಡಿದೆ, ನನಗಿಂತ ಮೊದಲು ಬಂದವನು ಹೋಗಿ ಒಂಬತ್ತು ದಿನವಾಗಿತ್ತು. ಎರಡು ದಿನ ಯಾರೂ ನನ್ನನ್ನು ಏನೂ ಕೇಳಲಿಲ್ಲ, ಸ್ವರ್ಗವೇ. ಮೂರನೆಯ ದಿನ ಶನಿವಾರ, ವಾಪಸು ಬರುವಾಗ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಚಿಕ್ಕ ಹಳ್ಳ ದಾಟುತ್ತಿದ್ದೆ. ಮೂವತ್ತೊಂದು ವರ್ಷ ಕಾಲಿಟ್ಟ ಕಲ್ಲು ಅದು. ಆ ದಿನ ಮಗುಚಿಕೊಂಡಿತು. ಸೊಂಟದವರೆಗೆ ನೀರಿನಲ್ಲಿ ಬಿದ್ದೆ. ಎದ್ದು ನೋಡಿದರೆ ಬಲಗಾಲು ಮೊಣಕಾಲ ಕೆಳಗೆ ಹೋಗಬಾರದ ದಿಕ್ಕಿಗೆ ಹೋಗಿತ್ತು. ಜೀವ ಬಾಯಿಗೆ ಬಂತು. ಮೊಣಕೈ ಊರಿ ಊರಿ ದಡಕ್ಕೆ ಬರುವಷ್ಟರಲ್ಲಿ ನನ್ನ ಬಾಯಿಂದ ಅಪ್ಪನಿಗೂ ಗೊತ್ತಿಲ್ಲದ ಬೈಗುಳಗಳು ಬಂದವು.

ಬೀಕನ್ ಚೀಲದ ಮೇಲಿನ ಜೇಬಿನಲ್ಲೇ ಇತ್ತು. ಕೈಗೆ ಎಟುಕುತ್ತಿತ್ತು. ಬುದ್ಧಿಯಿರುವವಳು ಒತ್ತುತ್ತಿದ್ದಳು. ನಾನು ಮೊದಲು ಒಲೆ ಹಚ್ಚಿ ಚಹಾ ಮಾಡಿದೆ. ಆಮೇಲೆ, ಯಾರಾದರೂ ಬಂದರೆ ಇದೇನು ಅವತಾರ ಅನ್ನಬಾರದೆಂದು ತಲೆ ಬಾಚಿಕೊಂಡೆ, ಒಣಗಿದ ಸ್ವೆಟರ್ ಹಾಕಿಕೊಂಡೆ. ಒಂದು ಕೀಆ ಗಿಳಿ ಬಂದು ಕಲ್ಲಿನ ಮೇಲೆ ಕೂತು ನನ್ನ ಒದ್ದೆ ಕಾಲುಚೀಲ ಎಳೆದುಕೊಂಡು ಹೋಯಿತು. ಹೋಗಲಿ, ಪಾಪ, ಎಂದೆ. ಹನ್ನೆರಡಾಯಿತು. ಆವತ್ತು ಊರಿನಲ್ಲಿ ರಗ್ಬಿ ಪಂದ್ಯ, ರಕ್ಷಣೆಯ ಹೆಲಿಕಾಪ್ಟರ್ ಓಡಿಸುವವನ ಮಗ ಈ ವರ್ಷವೇ ತಂಡ ಸೇರಿದ್ದ. ಅಪ್ಪನಾದವನನ್ನು ಮೈದಾನದಿಂದ ಎಬ್ಬಿಸಿ ಕರೆಸುವುದೇ? ಇನ್ನು ಸ್ವಲ್ಪ ನೋಡೋಣ, ಏನೂ ಪರವಾಗಿಲ್ಲ ಎಂದು ಹೇಳಿಕೊಂಡೆ. ಎರಡು ಗಂಟೆಗೆ ಚಹಾದ ಲೋಟ ಕೈಯಲ್ಲಿ ನಿಲ್ಲಲಿಲ್ಲ, ಅಷ್ಟು ನಡುಗುತ್ತಿದ್ದೆ. ಒದ್ದೆ ಪ್ಯಾಂಟಿನಲ್ಲಿ ಈ ಚಳಿಯಲ್ಲಿ ಬೆಳಗಿನವರೆಗೆ ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡೂಕಾಲು ಗಂಟೆಗೆ ಬೀಕನ್ ತೆಗೆದು ಪಟ್ಟಿ ಬಿಚ್ಚಿ ಗುಂಡಿ ಒತ್ತಿದೆ.

ಅದು ಮಿನುಗತೊಡಗಿತು. ಮಿನುಗಿತು, ಮಿನುಗಿತು, ನಿಲ್ಲಲೇ ಇಲ್ಲ. ಒಂದೊಂದು ಸಲ ಮಿನುಗಿದಾಗಲೂ 'ಏವಿಸ್ ಪೆಲ್ಲೋ ಕೂಗುತ್ತಿದ್ದಾಳೆ, ಏವಿಸ್ ಪೆಲ್ಲೋ ಕೂಗುತ್ತಿದ್ದಾಳೆ' ಎಂದು ಮೇಲೆ ಯಾರೋ ಡಂಗುರ ಸಾರಿದಂತಾಗಿ ನಾಚಿಕೆಯಿಂದ ಕುಗ್ಗಿಹೋದೆ. ಐದು ನಿಮಿಷ ತಡೆದುಕೊಂಡೆ. ಹತ್ತು ನಿಮಿಷ. ಇಷ್ಟು ಹೊತ್ತಿಗೆ ಕೇಳಿಸಿರುತ್ತದೆ, ಒಂದು ಸಲ ಕೂಗಿದರೆ ಸಾಕಲ್ಲ? ಪ್ರಪಂಚದಲ್ಲಿ ಎಷ್ಟು ಜನ ಕಷ್ಟದಲ್ಲಿದ್ದಾರೋ, ನಾನೊಬ್ಬಳೇ ಆ ಉಪಗ್ರಹ ಹಿಡಿದುಕೊಂಡು ಕೂತರೆ ಹೇಗೆ? ಹದಿನೈದು ನಿಮಿಷಕ್ಕೆ ಆಫ್ ಮಾಡಿದೆ. ಪಟ್ಟಿ ಮಡಿಸಿ, ಒರೆಸಿ, ಅದು ಬಂದಿದ್ದ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ. ಆಮೇಲೆ ಕೈ ಕಟ್ಟಿಕೊಂಡು ಕಾಯುತ್ತ ಕೂತೆ.

ಊರಿನಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ರಕ್ಷಣಾ ಕಚೇರಿಯ ಹೆಂಗಸು ಮೊದಲು ಐವರ್‌ಗೆ ಫೋನ್ ಮಾಡಿ, ನಿಮ್ಮ ಹೆಂಡತಿಯ ಬೀಕನ್ ಕೂಗುತ್ತಿದೆ, ತಪ್ಪಾಗಿ ಒತ್ತಿರಬಹುದೇ ಎಂದು ಕೇಳಿದಳು.

"ನನ್ನ ಹೆಂಡ್ತಿನಾ?" ಐವರ್ ಎದೆಯುಬ್ಬಿಸಿ ಹೇಳಿದ. "ಅವಳು ಒತ್ತೋ ಪೈಕಿ ಅಲ್ಲ ಬಿಡಿ ಮೇಡಂ. ಕಾಲು ಕಳಚಿ ಬಿದ್ರೆ ಕಂಕುಳಲ್ಲಿ ಇಟ್ಕೊಂಡು ನಡೆದು ಬರ್ತಾಳೆ. ಬೀಕನ್ ಮೇಲೆ ಕೂತ್ಕೊಂಡಿರ್ಬೇಕು ಅಷ್ಟೇ."

ಆಮೇಲೆ ನೋಲೀನ್‌ಗೆ ಫೋನ್ ಹೋಯಿತು. "ಏವಿಸ್? ಸಾಧ್ಯಾನೇ ಇಲ್ಲ ಕಣ್ರೀ! ಅಡುಗೆಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರನ್ನೂ ಕರೀಲಿಲ್ಲ ಅವಳು. ಒಬ್ಬಳೇ ಬಕೆಟ್ ಹಿಡಿದು ನಂದಿಸಿ, ಅದೇ ದಿನ ಸಭೆಗೂ ಬಂದ್ಲು. ಅಂಥ ಗಟ್ಟಿ ಹೆಂಗಸು ಈ ಜಿಲ್ಲೇಲಿ ಇನ್ನೊಬ್ಬಳಿಲ್ಲ."

ಅರವತ್ತು ವರ್ಷದ ಪರಿಚಯದಲ್ಲಿ ನೋಲೀನ್ ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ನನ್ನ ಜೀವ ತೆಗೆಯುವುದಕ್ಕೆ. ಇಬ್ಬರೂ ಒಂದೇ ಮಾತು ಹೇಳಿದರು. ಅಷ್ಟರಲ್ಲಿ ಬೀಕನ್ನೂ ಸುಮ್ಮನಾಗಿತ್ತು. ತಪ್ಪಾಗಿ ಒತ್ತಿ, ಗೊತ್ತಾಗಿ ಆಫ್ ಮಾಡಿರಬೇಕು ಎಂದುಕೊಂಡರು. ಮತ್ತೆ ಕೂಗಿದರೆ ನೋಡೋಣ, ಇಲ್ಲದಿದ್ದರೆ ನಾಳೆ ಅವರು ಮನೆಗೆ ಬಂದ ಮೇಲೆ ತಿಳಿಸಿ ಎಂದು ಆ ಹೆಂಗಸು ಐವರ್‌ಗೆ ಹೇಳಿದಳು.

ನಾನಿಲ್ಲಿ ಕಾಯುತ್ತಿದ್ದೆ. ಮೂರೂವರೆಗೆ ಬಿಸಿಲು ಕಣಿವೆ ಬಿಟ್ಟಿತು. ನಾಲ್ಕಾಯಿತು. ಆಕಾಶದಲ್ಲಿ ಒಂದು ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ನಡುಕ ತಾನಾಗಿಯೇ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ನಡುಕ ನಿಂತರೆ ಮೈ ಸೋತುಬಿಟ್ಟಿದೆ ಎಂದು ನನಗೆ ಗೊತ್ತು. ಇನ್ನೊಂದು ಸಲ ಒತ್ತೋಣ, ಮರ್ಯಾದೆ ಹಾಳಾಗಿ ಹೋಗಲಿ ಎಂದು ಡಬ್ಬಿ ತೆಗೆದರೆ ಬೆರಳು ಮಡಚಲಿಲ್ಲ. ನಾನೇ ಒತ್ತಿ ಹಾಕಿದ ಮುಚ್ಚಳ, ನನ್ನ ಕೈಯಿಂದಲೇ ಬರಲಿಲ್ಲ. ಹಲ್ಲಿನಿಂದ ಎಳೆದೆ. ಡಬ್ಬಿ ಜಾರಿ ಕಲ್ಲಿನ ಸಂದಿಗೆ ಬಿತ್ತು.

ಆಗ ಹೆದರಿದೆ. ಸುಳ್ಳು ಯಾಕೆ ಹೇಳಲಿ, ಚಿಕ್ಕ ಮಗುವಿನ ಹಾಗೆ ಹೆದರಿ ಗಟ್ಟಿಯಾಗಿ ಅತ್ತೆ. ಐವರ್ ಈಗ ಸಕ್ಕರೆ ಡಬ್ಬಿ ಹುಡುಕುತ್ತಿರುತ್ತಾನೆ ಅನ್ನಿಸಿತು. ಯಾರಾದರೂ ನನ್ನನ್ನು ಏನಾದರೂ ಕೇಳಲಿ, ಏನು ಬೇಕಾದರೂ ಕೇಳಲಿ ಎಂದು ಆಸೆಯಾಯಿತು.

ಐವರ್ ನಿಜಕ್ಕೂ ಸಕ್ಕರೆ ಡಬ್ಬಿ ಹುಡುಕುತ್ತಿದ್ದ. ಚಹಾಕ್ಕೆ ನೀರಿಟ್ಟು, ಒಂದೊಂದೇ ಕಪಾಟು ತೆಗೆದು ನೋಡುತ್ತ, ತಲೆಯೆತ್ತಿದವನಿಗೆ ಅಡುಗೆಮನೆಯ ದೀಪ ಕಾಣಿಸಿತಂತೆ. ಹಾಡಹಗಲಲ್ಲಿ ಉರಿಯುತ್ತಿತ್ತು. ಪಡಸಾಲೆಯದೂ ಉರಿಯುತ್ತಿತ್ತು, ಬಚ್ಚಲಿನದೂ. ನಾನು ಹೋದ ಮೂರು ದಿನದಿಂದ ಆ ಮನೆಯಲ್ಲಿ ಒಂದು ದೀಪವೂ ಆರಿರಲಿಲ್ಲ. ಕೈಯಲ್ಲಿದ್ದ ಚಮಚ ಬಿಟ್ಟು ಫೋನಿಗೆ ಓಡಿದ.

"ಮೇಡಂ, ಅದು ತಪ್ಪಾಗಿ ಒತ್ತಿದ್ದಲ್ಲ!"

"ಹೇಗೆ ಹೇಳ್ತೀರಿ ಸರ್? ಆಫ್ ಆಗಿದೆಯಲ್ಲ, ಅವರಿಗೇ ಗೊತ್ತಾಗಿ—"

"ಎಷ್ಟು ಹೊತ್ತು ಕೂಗ್ತು ಅದು?"

"ಹದಿನೈದು ನಿಮಿಷ."

"ಹದಿನೈದು ನಿಮಿಷ! ಬೇಡದ ದೀಪಾನ ಅವಳು ಹದಿನೈದು ಸೆಕೆಂಡು ಉರಿಯೋಕೆ ಬಿಡಲ್ಲ ಕಣ್ರೀ! ನಾನು ಕೂತು ಪೇಪರ್ ಓದ್ತಿದ್ರೂ ಆರಿಸಿ ಹೋಗ್ತಾಳೆ! ಹದಿನೈದು ನಿಮಿಷ ಬಿಟ್ಟಿದಾಳೆ ಅಂದ್ರೆ ಅವಳಿಗೆ ಏನೋ ಆಗಿದೆ!"

"ಸರ್, ದೀಪಕ್ಕೂ ಇದಕ್ಕೂ..."

"ದೀಪದ ಮನೆ ಹಾಳಾಗ್ಲಿ! ಹೆಲಿಕಾಪ್ಟರ್ ಕಳಿಸ್ರೀ! ನನ್ನ ಹೆಂಡ್ತಿ ಸಾಯ್ತಾ ಇದಾಳೆ!"

ಕಿಟಕಿ ತೆರೆದಿತ್ತು. ಐವರ್ ಪೆಲ್ಲೋ ಕೂಗಾಡಿದ್ದನ್ನು ಇಡೀ ಬೀದಿ ಕೇಳಿತು. ನೋಲೀನ್ ಮನೆ ಮೂರನೆಯದು. ಕೈಗೆ ಹತ್ತಿದ ಹಿಟ್ಟು ಹಾಗೇ ಇರುವಾಗಲೇ ನನ್ನ ದಾರಿಯ ಚೀಟಿ ಹಿಡಿದು ಓಡಿ ಬಂದಳಂತೆ. ಹಳ್ಳಗಳ ಹೆಸರನ್ನು ಒಂದೊಂದಾಗಿ ಫೋನಿನಲ್ಲಿ ಓದಿ ಹೇಳಿದ್ದು ಅವಳೇ.

ಸಂಜೆಯ ಬೆಳಕು ಇನ್ನೇನು ಮುಗಿಯುತ್ತದೆ ಅನ್ನುವಾಗ ಹೆಲಿಕಾಪ್ಟರಿನ ಸದ್ದು ಕೇಳಿಸಿತು. ಅಯ್ಯೋ ಪಾಪ, ಯಾರಿಗೆ ಏನಾಯಿತೋ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಹಗ್ಗದಿಂದ ಒಬ್ಬ ಇಳಿದು ಬಂದು ಮುಖಕ್ಕೆ ಮುಖ ತಂದ.

"ಏವಿಸ್ ಪೆಲ್ಲೋ ನೀವೇನಾ?"

"ಹೌದಪ್ಪಾ. ನಿಮಗೆಲ್ಲ ತೊಂದರೆ ಆಯ್ತು. ಪಂದ್ಯ ಏನಾಯ್ತು?"

"ಸೋತ್ವಿ ಆಂಟಿ. ಮಾತಾಡ್ಬೇಡಿ ಈಗ."

ಆಸ್ಪತ್ರೆಯಲ್ಲಿ ಕಾಲಿಗೆ ಎರಡು ಕಬ್ಬಿಣದ ಪಟ್ಟಿ ಹಾಕಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಜೀವವೇ ಹೋಗುತ್ತಿತ್ತು, ಕಾಲಿನ ಮಾತೇ ಬರುತ್ತಿರಲಿಲ್ಲ ಎಂದ ಡಾಕ್ಟರು. ಮರುದಿನ ಐವರ್ ಬಂದು ಮಂಚದ ಪಕ್ಕ ಕೂತ. ಕೂಗಾಡಿದ್ದಕ್ಕೆ ಅವನ ದನಿ ಇನ್ನೂ ಒಡೆದಿತ್ತು.

"ಮರ್ಯಾದೆ ಕಳೆದುಬಿಟ್ಟೆ ಕಣೇ," ಎಂದ. "ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದೆ. ಬೇಕರಿಯವನು ಇವತ್ತು ನನ್ನ ಮುಖ ನೋಡ್ಲಿಲ್ಲ."

"ಹೋಗ್ಲಿ ಬಿಡು. ನಾನೂ ಕೂಗಿದೆನಲ್ಲ."

"ಮೊದಲು ಫೋನ್ ಬಂದಾಗ ನಿನ್ನ ಹೊಗಳ್ತಾ ಕೂತೆ. ಎಷ್ಟು ಖುಷಿಯಾಗಿತ್ತು ಗೊತ್ತಾ ನನಗೆ, ನಿನ್ನ ವಿಷಯ ಹೇಳೋಕೆ." ನನ್ನ ಹೊದಿಕೆಯ ಅಂಚು ಸರಿಮಾಡಿದ. "ಹೊಗಳಿ ಹೊಗಳಿ ಕೊಂದುಬಿಡ್ತಿದ್ದೆ."

ಅವನ ಕೈ ಹಿಡಿದುಕೊಂಡೆ. ನಮ್ಮಲ್ಲಿ ಅದೂ ಅಷ್ಟು ಬಳಕೆಯಲ್ಲಿಲ್ಲ. "ಮಾತಾಡೋ ಬೀಕನ್ನೇ ತಗೋತೀನಿ," ಎಂದೆ. "ಸಕ್ಕರೆ ಡಬ್ಬಿ ಎಲ್ಲಿ ಅಂತ ದಿನಾ ಕೇಳು."

"ಬೇಡ," ಎಂದ. "ಆ ನಾಲ್ಕು ದಿನ ನಿನ್ನವು. ಮೂಕದ್ದೇ ಇರಲಿ." ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಬೀಕನ್ನಿನ ನೋಂದಣಿಯ ಹೊಸ ಅರ್ಜಿ. ಹೆಸರು, ವಿಳಾಸ ಎಲ್ಲ ಅಂಚೆ ಕಚೇರಿಯ ದುಂಡು ಅಕ್ಷರದಲ್ಲಿ ತುಂಬಿಕೊಂಡೇ ಬಂದಿದ್ದ. ಎರಡನೆಯ ಹೆಸರು ನೋಲೀನಳದೇ ಇತ್ತು, ಇರಲಿ ಅಂದುಕೊಂಡೆ. ಕೊನೆಯ ಚೌಕದಲ್ಲಿ, ನಾನು 'ಏನೂ ಇಲ್ಲ' ಎಂದು ಬರೆದಿದ್ದ ಜಾಗದಲ್ಲಿ, ಅವನು ಎರಡು ಸಾಲು ಬರೆದಿದ್ದ:

'ಇವಳು ಒತ್ತಿದರೆ ಬನ್ನಿ. ಆಫ್ ಮಾಡಿದರೆ ಓಡಿ ಬನ್ನಿ.'